ಮದುವೆಯ ಊಟಕ್ಕೆ ಯಾವ ವೈನ್?



ಗಿಲ್ಲೆಸುಗೂರಿನ ಒಬ್ಬ ತಂದೆ ತಮ್ಮ ಮಗಳ ಮದುವೆಯ ವಿಷಯ ಮಾತಾಡಲು ನನ್ನ ಬಳಿ ಬಂದಿದ್ದರು. ಮದುವೆ ಪ್ರಕಟಣೆ, ಗಾಯನ ತಂಡ, ಪೀಠದ ಹೂವು ಎಲ್ಲವೂ ತೀರ್ಮಾನವಾಯಿತು. ಏಳುವಾಗ ಅವರು ಜೇಬಿನಿಂದ ಒಂದು ಚೀಟಿ ತೆಗೆದರು. “ಫಾದರ್, ಬೀಗರು ಊಟದಾಗ ವೈನ್ ಇಡಬೇಕು ಅಂತಾರ್ರಿ. ಟೋಸ್ಟ್ ಇಲ್ಲದ ಮದಿವಿ ಎಂಥಾ ಮದಿವಿ ಅಂತ ಕೇಳ್ತಾರ. ಯಾವುದು ತರಬೇಕು ನೀವಽ ಹೇಳ್ರಿ. ಇಲ್ಲಂದ್ರ ಪೂಜಿಗೆ ಬಳಸೋದನ್ನಽ ಸ್ವಲ್ಪ ಕೊಡ್ರಿ” ಎಂದರು. ನನಗೆ ನಗು ಬಂತು. ಆದರೆ ಚೀಟಿಯಲ್ಲಿ ‘ವೈನ್’ ಎಂಬ ಪದದ ಕೆಳಗೆ ‘ಬ್ರಾಂದಿ’ ಎಂದು ಬರೆದು, ಅದರ ಮುಂದೆ ‘ಸಾಲ’ ಎಂದು ಬರೆದಿತ್ತು. ಅದನ್ನು ಕಂಡು ನಗು ನಿಂತಿತು.

ಈ ಪ್ರಶ್ನೆ ಅವರೊಬ್ಬರದಲ್ಲ. ಆದ್ದರಿಂದ ಈ ವಾರ ಅದನ್ನೇ ಕುಳಿತು ಯೋಚಿಸೋಣ.

ಮೊದಲು ಎರಡು ತಪ್ಪು ತಿಳಿವಳಿಕೆಗಳನ್ನು ಬಿಡೋಣ. ಬಲಿಪೂಜೆಯ ದ್ರಾಕ್ಷಾರಸವೇ ಬೇರೆ. ಅದು ದ್ರಾಕ್ಷಿಯಿಂದಲೇ ಆದ, ಕೆಡದ, ಸಹಜ ರಸವಾಗಿರಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 924ನೇ ವಿಧಿ ಹೇಳುತ್ತದೆ. ಅದು ಪೀಠಕ್ಕೆ ಮೀಸಲು, ಪಂಕ್ತಿಗೆ ಹಂಚುವುದಲ್ಲ. ಎರಡನೆಯದಾಗಿ, ಟೋಸ್ಟ್ ವಿವಾಹ ಸಂಸ್ಕಾರದ ಭಾಗವಲ್ಲ. ವಧೂವರರು ಮುಕ್ತ ಮನಸ್ಸಿನಿಂದ ಪರಸ್ಪರ ಕೊಡುವ ಸಮ್ಮತಿಯಿಂದ ಮದುವೆಯಾಗುತ್ತದೆ. ಗ್ಲಾಸು ಎತ್ತಿ ಹರಸುವುದು ಯೂರೋಪಿನಿಂದ ಬಂದು ಗೋವಾ, ಮಂಗಳೂರು ಕಡೆ ಬೇರೂರಿದ ಒಂದು ಪದ್ಧತಿ. ಚೆನ್ನಾದ ಪದ್ಧತಿಯೇ. ಆದರೆ ಅದಿಲ್ಲದಿದ್ದರೆ ಮದುವೆಗೆ ಏನೂ ಕೊರತೆಯಿಲ್ಲ.

“ಯೇಸುಸ್ವಾಮಿಯೇ ಕಾನಾ ಊರಿನಲ್ಲಿ ದ್ರಾಕ್ಷಾರಸ ಮಾಡಿಕೊಡಲಿಲ್ಲವೇ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಜ. ಸಂತ ಯೊವಾನ್ನರ ಶುಭಸಂದೇಶದ 2ನೇ ಅಧ್ಯಾಯದಲ್ಲಿ ಆರು ಕಲ್ಲಿನ ಬಾನಿಗಳಿವೆ. ಅಂದಿನ ಅಳತೆಯನ್ನು ಇಂದಿನ ಲೆಕ್ಕಕ್ಕೆ ತಂದರೆ ಒಟ್ಟು ಸುಮಾರು 470ರಿಂದ 700 ಲೀಟರ್. ಅದು ದೇವರ ಔದಾರ್ಯದ ಗುರುತು. ಆದರೆ ಆ ಸೂಚಕಕಾರ್ಯ ಯಾರಿಗಾಗಿ ನಡೆಯಿತು ಎಂಬುದನ್ನು ನಾವು ಗಮನಿಸುವುದಿಲ್ಲ. ಕರೆದ ಜನರ ಮುಂದೆ ತಲೆತಗ್ಗಿಸಬೇಕಾಗಿದ್ದ ಒಂದು ಮನೆಯವರಿಗಾಗಿ. ಆ ಕಷ್ಟವನ್ನು ಮೊದಲು ಕಂಡವರು ಮಾತೆ ಮರಿಯಮ್ಮ. ಕಾನಾದ ದ್ರಾಕ್ಷಾರಸ ಒಂದು ಕುಟುಂಬದ ಮಾನ ಉಳಿಸಿತು. ಹಾಗಾದರೆ, ಸಾಲ ಮಾಡಿಸಿ, ಜಗಳ ತಂದು, ಹೆಣ್ಣುಮಕ್ಕಳನ್ನು ಅಳಿಸುವ ಬಾಟಲಿಗೆ ಕಾನಾದ ಹೆಸರು ಹೇಳುವುದು ಸರಿಯೇ?

ಧರ್ಮಸಭೆ ದ್ರಾಕ್ಷಾರಸವನ್ನು ಪಾಪ ಎಂದು ಹೇಳಿಲ್ಲ. ಅಳತೆ ಮೀರುವುದನ್ನು ಮಾತ್ರ ಧರ್ಮೋಪದೇಶ ಗ್ರಂಥದ 2290ನೇ ಪರಿಚ್ಛೇದ ಸ್ಪಷ್ಟವಾಗಿ ತಡೆಯುತ್ತದೆ. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಇದನ್ನು ಇನ್ನಷ್ಟು ಬಿಡಿಸಿ ಹೇಳಿದ್ದಾರೆ. ಯಾವ ಆಹಾರವೂ ಪಾನೀಯವೂ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಆದರೆ ಮೂರು ಕಾರಣಗಳಿಂದ ಕೆಟ್ಟದ್ದಾಗಬಹುದು: ಕುಡಿಯುವವನ ಸ್ಥಿತಿಯಿಂದ, ಕುಡಿಯುವ ಅಳತೆಯಿಂದ, ನೋಡುವವರಿಗೆ ಆಗುವ ನೋವಿನಿಂದ. ಸೆಮಿನರಿಯಲ್ಲಿ ಪರೀಕ್ಷೆಗಾಗಿ ಓದಿದ ಈ ಪಾಠ ಮದುವೆಯ ಚೀಟಿ ಬರೆಯಲು ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಮೊದಲ ಪ್ರಶ್ನೆ: ಯಾರು ಕುಡಿಯುತ್ತಾರೆ? ಪಂಕ್ತಿಯಲ್ಲಿ ಮಕ್ಕಳಿರುತ್ತಾರೆ, ಬಸುರಿಯರಿರುತ್ತಾರೆ, ಸಕ್ಕರೆ ಕಾಯಿಲೆಯವರಿರುತ್ತಾರೆ, ಊಟ ಮುಗಿಸಿ ಬೈಕಿನಲ್ಲಿ ರಾಯಚೂರಿಗೆ ಮರಳುವ ಹುಡುಗರಿರುತ್ತಾರೆ. ನಮ್ಮ ರಾಜ್ಯದ ಅಬಕಾರಿ ನಿಯಮದಂತೆ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಮಾರಬಾರದೆಂದು ಇರುವುದನ್ನು ನಾವು ಕೈಯಾರೆ ಕೊಡುವುದು ಹೇಗೆ? ಕುಡಿತ ಬಿಟ್ಟು ಹೊಸ ಬದುಕು ಕಟ್ಟಿಕೊಳ್ಳುತ್ತಿರುವವರಿಗಂತೂ ಒಂದೇ ಒಂದು ಗುಟುಕು ಮತ್ತೆ ಹಳೆಯ ಬಾವಿಗೆ ಬೀಳಲು ಸಾಕು.

ಎರಡನೆಯ ಪ್ರಶ್ನೆ: ಎಷ್ಟು? ಹರಸಲು ಎತ್ತುವ ಗ್ಲಾಸಿಗೆ 50 ಮಿಲಿಲೀಟರ್ ಸಾಕು. 750 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಹದಿನೈದು ಗ್ಲಾಸು ಆಗುತ್ತದೆ. ಇನ್ನೂರು ಮಂದಿ ಹಿರಿಯರಿಗೆ ಹದಿನಾಲ್ಕು ಬಾಟಲಿ. ಅದಕ್ಕಿಂತ ಹೆಚ್ಚು ತಂದರೆ ಅದು ಹರಕೆಗಾಗಿ ಅಲ್ಲ, ಹೆಸರಿಗಾಗಿ. ವೈನಿನಲ್ಲಿ ಸಾಮಾನ್ಯವಾಗಿ ಶೇಕಡಾ 11ರಿಂದ 14ರಷ್ಟು ಮದ್ಯಸಾರ ಇರುತ್ತದೆ. ನಮ್ಮ ಬ್ರಾಂದಿ, ವಿಸ್ಕಿ, ರಮ್ಮುಗಳಲ್ಲಿ ಶೇಕಡಾ 42.8. ಅಂದರೆ ಅದೇ ಗ್ಲಾಸಿನಲ್ಲಿ ಮೂರು ಪಟ್ಟಿಗಿಂತ ಹೆಚ್ಚು. ಮೇಜಿನ ಮೇಲೆ ವೈನ್, ಶಾಮಿಯಾನದ ಹಿಂದೆ ಬ್ರಾಂದಿ ಎಂಬ ನಾಟಕವನ್ನು ದಯವಿಟ್ಟು ಬಿಡಿ. ಕಣ್ಣೀರು ಬರುವುದು ಶಾಮಿಯಾನದ ಹಿಂದಿನಿಂದಲೇ.

ಮೂರನೆಯ ಪ್ರಶ್ನೆ: ಯಾರು ನೋಡುತ್ತಾರೆ? ನಮ್ಮ ಮದುವೆಗೆ ಬರುವ ನೆರೆಹೊರೆಯವರಲ್ಲಿ ಮದ್ಯ ಮುಟ್ಟದವರು ಬಹಳ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದರು. ಅವರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳೂ ಇದ್ದರು. ಅಂಥ ತಾಯಂದಿರು ನಮ್ಮ ಪಂಕ್ತಿಯಲ್ಲಿ ಕುಳಿತಿರುವಾಗ ನಾವು ಏನು ಬಡಿಸುತ್ತೇವೆ? ಸೋದರನಿಗೆ ಎಡವಲು ಕಾರಣವಾಗುವುದಾದರೆ ದ್ರಾಕ್ಷಾರಸವನ್ನೇ ಬಿಡುವುದು ಒಳ್ಳೆಯದೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ತಿಳಿಸಿದ್ದಾರೆ.

ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೂ ವೈನ್ ಇಡುವುದಾದರೆ, ಕೆಲವು ಮಾತು ನೆನಪಿಡಿ. ವಿದೇಶಿ ಬಾಟಲಿಗೆ ಸಾಲ ಬೇಡ. ನಂದಿ ಬೆಟ್ಟದ ಸುತ್ತ, ವಿಜಯಪುರ, ಬಾಗಲಕೋಟೆ ಕಡೆ ನಮ್ಮ ರೈತರು ದ್ರಾಕ್ಷಿ ಬೆಳೆಯುತ್ತಾರೆ. ಸರ್ಕಾರ 2007ರಲ್ಲಿ ವೈನ್ ನೀತಿಯನ್ನೂ ತಂದಿತು. ಕರ್ನಾಟಕದ ವೈನೇ ಸಾಕು. ಬಿರಿಯಾನಿ, ಖಾರದ ಮಟನ್ ಸಾರಿನ ಊಟಕ್ಕೆ ಒಗರಾದ, ಮದ್ಯಸಾರ ಹೆಚ್ಚಿರುವ ಕೆಂಪು ವೈನ್ ಹೊಂದುವುದಿಲ್ಲ. ನಾಲಿಗೆಯ ಉರಿ ಹೆಚ್ಚುತ್ತದೆ. ಸ್ವಲ್ಪ ಸಿಹಿಯಾದ, ಹಗುರವಾದ ವೈನನ್ನು ತಣ್ಣಗೆ ಮಾಡಿ ಕೊಡಿ. ನಮ್ಮ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಬಾಟಲಿಗಳನ್ನು ಟೆಂಪೋದಲ್ಲಿ, ಶಾಮಿಯಾನದಡಿ ಬಿಟ್ಟರೆ ರುಚಿ ಕೆಡುತ್ತದೆ. ಮಂಟಪದಲ್ಲಿ ಹಂಚುವ ಮುನ್ನ ಅಬಕಾರಿ ಇಲಾಖೆಯಿಂದ ಸಿ.ಎಲ್.-5 ಎಂಬ ಸಾಂದರ್ಭಿಕ ಸನ್ನದು ಪಡೆಯಿರಿ. ಭರಣಿಯಲ್ಲಿಟ್ಟ ಮನೆ ವೈನ್ ಜ್ಯೂಸ್ ಎಂದು ಮಕ್ಕಳಿಗೆ ಕೊಡಬೇಡಿ. ಹುಳಿತ ಮೇಲೆ ಅದೂ ಮದ್ಯವೇ. ಮುಖ್ಯವಾಗಿ, ಪ್ರತಿ ತಟ್ಟೆಯಲ್ಲೂ ಅದೇ ಬಗೆಯ ಗ್ಲಾಸಿನಲ್ಲಿ ಅದೇ ಬಣ್ಣದ ದ್ರಾಕ್ಷಿ ಜ್ಯೂಸ್ ಇರಲಿ. ಬೇಡ ಎನ್ನುವವರು ಯಾರಿಗೂ ಕಾರಣ ಹೇಳುವಂತಾಗಬಾರದು.

ಆ ತಂದೆಗೆ ನಾನು ಯಾವ ಬಾಟಲಿಯ ಹೆಸರನ್ನೂ ಹೇಳಲಿಲ್ಲ. “ನಿಮ್ಮ ಮನೆಯವರಲ್ಲಿ ಗ್ಲಾಸು ಎತ್ತುವವರು ಯಾರ್ಯಾರು?” ಎಂದಷ್ಟೇ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅವರ ತಮ್ಮ ಕುಡಿತ ಬಿಟ್ಟು ಒಂಬತ್ತು ತಿಂಗಳಾಗಿತ್ತು. ಟೋಸ್ಟ್ ಹೇಳಬೇಕೆಂದು ಮನೆಯವರು ಗೊತ್ತುಮಾಡಿದ್ದು ಆ ತಮ್ಮನನ್ನೇ!

ಮನೆಗೆ ಹೋಗಿ ಮಗಳಿಗೆ ಹೇಳಿದರಂತೆ. ಅವಳು ಹೆಚ್ಚು ಮಾತಾಡಲಿಲ್ಲ. “ಕಾಕಾ ಎತ್ತೋ ಗ್ಲಾಸಿನ್ಯಾಗ ಏನಿರ್ತದೋ, ಎಲ್ಲಾರ ಗ್ಲಾಸಿನ್ಯಾಗೂ ಅದಽ ಇರ್ಲಿ” ಎಂದಳಂತೆ. ಮದುವೆಯ ದಿನ ಎಲ್ಲರ ಕೈಯಲ್ಲೂ ಕರಿದ್ರಾಕ್ಷಿಯ ತಣ್ಣನೆಯ ಜ್ಯೂಸ್. ಬೀಗರ ಕಡೆ ಇಬ್ಬರು ಮುಖ ಸಿಂಡರಿಸಿದರು. ಊಟ ಮಾತ್ರ ಬಿಡಲಿಲ್ಲ. ಕಾಕಾ ಎದ್ದುನಿಂತು ನಾಲ್ಕು ಮಾತು ಹೇಳಿದರು. ಗ್ಲಾಸು ಹಿಡಿದ ಕೈ ನಡುಗುತ್ತಿತ್ತು, ಮಾತು ನಡುಗಲಿಲ್ಲ. ನನ್ನ ಪಕ್ಕದಲ್ಲಿ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಎಲ್ಲ ಮನೆಯವರೂ ಹೀಗೆಯೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಅಂಗಡಿಗೆ ಹೋಗುವ ಮೊದಲು ಪಂಕ್ತಿಯಲ್ಲಿ ಕೂರುವವರ ಮುಖಗಳನ್ನು ಒಮ್ಮೆ ನೆನೆಯಿರಿ. ಕಾನಾದಲ್ಲಿ ಮಾತೆ ಮರಿಯಮ್ಮನವರು ಮೊದಲು ಮಾಡಿದ್ದು ಅದನ್ನೇ.

ಕುಟುಂಬದಲ್ಲಿ ಚಿಂತಿಸಲು:

1. ನಮ್ಮ ಮನೆಯ ಕಳೆದ ಮದುವೆಯಲ್ಲಿ ಮದ್ಯಕ್ಕಾಗಿ ಎಷ್ಟು ಖರ್ಚಾಯಿತು? ಅದರಲ್ಲಿ ಸಾಲ ಎಷ್ಟು?

2. ನಮ್ಮ ಬಂಧುಗಳಲ್ಲಿ ಕುಡಿತ ಬಿಡಲು ಹೋರಾಡುತ್ತಿರುವವರು ಯಾರು? ಅವರಿಗೆ ನಮ್ಮ ಹಬ್ಬ ಹರಿದಿನ ನೆರವಾಗುತ್ತಿದೆಯೇ, ಅಡ್ಡಿಯಾಗುತ್ತಿದೆಯೇ?

3. ಸಂತ ಯೊವಾನ್ನರ ಶುಭಸಂದೇಶ 2:1-11 ಅನ್ನು ಸಂಜೆಯ ಪ್ರಾರ್ಥನೆಯಲ್ಲಿ ಒಟ್ಟಾಗಿ ಓದಿರಿ. ಇಂದು ನಮ್ಮ ಮನೆಯಲ್ಲಿ ಏನು ಮುಗಿದುಹೋಗಿದೆ ಎಂದು ಮಾತೆ ಮರಿಯಮ್ಮ ಪ್ರಭುವಿಗೆ ಹೇಳುತ್ತಿರಬಹುದು?