ಇಂದಿನ ಧಮ್ಮ ಚಿಂತನೆ: ಐದು ಹುಣಸೆ ಬೀಜ

 



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಆಟಿ ತಿಂಗಳೆಂದರೆ ಬಿಡದ ಮಳೆ ಮತ್ತು ಚೆನ್ನೆಮಣೆ. 14 ಗುಳಿ, ಗುಳಿಗೆ 4ರಂತೆ 56 ಕಾಯಿ. ಅದೇ ಜಗಲಿಯಲ್ಲಿ ನಮ್ಮಮ್ಮ ಬೀಡಿ ಕಟ್ಟುತ್ತಿದ್ದರು. "25 ಬೀಡಿಯ ಕಟ್ಟು ಯಾರದು ಮೊದಲು ಆಗ್ತದೆ ನೋಡುವ" ಎಂದರೆ ಸಾಕು, ನಾವು ಮಕ್ಕಳು ಪೈಪೋಟಿಗೆ ಇಳಿಯುತ್ತಿದ್ದೆವು. ಬೇಸರದ ಕೆಲಸವೂ ಆಟವಾಗುತ್ತಿತ್ತು. ಆದರೆ ಪುಸ್ತಕ ತೆರೆಯುವ ಹೊತ್ತಿಗೆ ನಿದ್ದೆ ಬರುತ್ತಿತ್ತು. ಆಟ ನಮ್ಮದು, ಲೆಕ್ಕ ಬೀಡಿ ಬ್ರಾಂಚಿನದು! ಅಮ್ಮನ ತಪ್ಪಲ್ಲ, ಒಲೆ ಉರಿಯಬೇಕಿತ್ತು.

ಆಟಕ್ಕೆ ಅಷ್ಟು ಶಕ್ತಿ ಇದೆಯಾದರೆ, ಅದನ್ನು ನಮ್ಮ ಏಳಿಗೆಗೆ ಏಕೆ ಬಳಸಬಾರದು?

ಮಥುರೆಯ ಉಪಗುಪ್ತ ಸುಗಂಧದ್ರವ್ಯದ ವ್ಯಾಪಾರಿ. ಭಿಕ್ಖುವಾಗುವ ಮೊದಲೇ ಗುರು ಶಾಣಕವಾಸಿ ಅವನಿಗೊಂದು ಅಭ್ಯಾಸ ಕೊಟ್ಟರೆಂದು ಅಶೋಕಾವದಾನ ಹೇಳುತ್ತದೆ. ಕೆಟ್ಟ ಯೋಚನೆ ಬಂದರೆ ಕಪ್ಪು ಗುರುತು, ಒಳ್ಳೆಯದು ಬಂದರೆ ಬಿಳಿ ಗುರುತು. ಮೊದಮೊದಲು ಕಪ್ಪೇ ಹೆಚ್ಚು. ಬರಬರುತ್ತಾ ಸಮಸಮ. ಕೊನೆಗೆ ಎಲ್ಲವೂ ಬಿಳಿ. ಅವನು ಅಂಗಡಿ ಮುಚ್ಚಿ ಕಾಡಿಗೆ ಹೋಗಲಿಲ್ಲ. ವ್ಯಾಪಾರ ಮಾಡುತ್ತಲೇ ಮನಸ್ಸನ್ನು ಗೆದ್ದ.

*ಇಂದಿನ ಅಭ್ಯಾಸ*
ಐದು ಹುಣಸೆ ಬೀಜ ತೆಗೆದುಕೊಳ್ಳಿ. ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಪಂಚಶೀಲದ ಒಂದೊಂದು ಶೀಲಕ್ಕೆ ಒಂದೊಂದು ಬೀಜ. ರಾತ್ರಿ ಮನೆಯವರೆಲ್ಲ ಕೂತು, ಪಾಲಿಸಿದ ಶೀಲಕ್ಕೆ ಬಿಳಿ ಬದಿ, ತಪ್ಪಿದ್ದಕ್ಕೆ ಕಪ್ಪು ಬದಿ ಮೇಲೆ ಮಾಡಿ ಇಡಿ. ಮಕ್ಕಳಿಗೆ ಆರನೆಯ ಬೀಜ ಕೊಡಿ: ಇವತ್ತಿನ ಪಾಠ ಓದಿ ಆಯಿತೇ?

ನೆನಪಿಡಿ, ಬೀಜವನ್ನು ಎಸೆಯುವುದಲ್ಲ, *ಇಡುವುದು*. ಎಸೆದರೆ ಅದೃಷ್ಟದ ಆಟ. ಸಿಗಾಲೋವಾದ ಸುತ್ತದಲ್ಲಿ ಭಗವಾನರು ಜೂಜಿನ ಆರು ಕೇಡುಗಳನ್ನು ಹೇಳಿದ್ದಾರೆ. ಮೊಬೈಲಿನಲ್ಲಿ ಹಣ ಕಟ್ಟುವ ಆಟವೂ ಜೂಜೇ. ನಾವು ಇಡುವ ಬೀಜದಲ್ಲಿ ಹಣೆಬರಹಕ್ಕೆ ಜಾಗವಿಲ್ಲ. ಬೀಜ ಬಿಳಿಯಾಗುವುದು ನಮ್ಮ ನಡತೆಯಿಂದ ಮಾತ್ರ.

ಎರಡು ನಿಯಮ. ಒಬ್ಬರ ಬೀಜವನ್ನು ಇನ್ನೊಬ್ಬರು ತಿರುಗಿಸಬಾರದು. ಕಪ್ಪು ಇಟ್ಟವರನ್ನು ಯಾರೂ ಹಂಗಿಸಬಾರದು. ಜಾತಿಯ ಹೆಸರಲ್ಲಿ ಬೇಕಾದಷ್ಟು ಹಂಗಿಸಿಕೊಂಡವರು ನಾವು. ನಮ್ಮ ಮನೆಯೊಳಗೆ ಅದು ಬೇಡ. ನಿಜ ಹೇಳಿ ಕಪ್ಪು ಇಟ್ಟ ಮಗುವಿಗೆ ನಾಲ್ಕನೆಯ ಶೀಲದ ಬೀಜ ಬಿಳಿಯಾಯಿತಲ್ಲವೇ?

14-10-1956ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳು ಗೋಡೆಗೆ ತೂಗುಹಾಕಲಿಕ್ಕಲ್ಲ, ದಿನದಿನ ನಡೆಯಲಿಕ್ಕೆ. ನಡೆಯುವ ದಾರಿಯಲ್ಲಿ ನಗು ಇದ್ದರೆ ಮಕ್ಕಳೂ ಜೊತೆಗೆ ಬರುತ್ತಾರೆ.

ಇವತ್ತು ರಾತ್ರಿ ನಿಮ್ಮ ಎಷ್ಟು ಬೀಜ ಬಿಳಿ? ಗುಂಪಿಗೆ ಬರೆಯುವುದು ಬೇಡ. ನಿಮಗೆ ಗೊತ್ತಿದ್ದರೆ ಸಾಕು.

ಭವತು ಸಬ್ಬ ಮಂಗಲಂ. ☸️