ಮೊಣಕಾಲಿನ ಖರ್ಚು ಆಸ್ಪತ್ರೆ ಬಿಲ್ಲಿಗೇ ಮುಗಿಯುವುದಿಲ್ಲ

ರಾಯಚೂರು ಜಿಲ್ಲೆಯ ಗಬ್ಬೂರಿನಲ್ಲಿ ಕಬಡ್ಡಿ ಆಡುವಾಗ ಅಕ್ಕನ ಮಗನ ಮೊಣಕಾಲು ತಿರುಚಿತು. ಎಂಆರ್‌ಐಯಲ್ಲಿ ಮೊಣಕಾಲೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು (ಲಿಗಮೆಂಟ್) ಹರಿದಿದೆ ಎಂದು ಬಂತು. ಮನೆಯಲ್ಲಿ ಒಂದೇ ಮಾತು: ‘ಆಪರೇಶನ್‌ಗೆ ಎಷ್ಟಾಗ್ತದ?’ ದಲ್ಲಾಳಿ ಅಂಗಡಿಯಲ್ಲಿ ಬಡ್ಡಿಗೆ ತರಲು ಭಾವ ಹೊರಟೇಬಿಟ್ಟಿದ್ದರು. ನಾನು ತಡೆದೆ.

ಮೊಣಕಾಲು ಸಿಕ್ಕಿಕೊಂಡು ನೀಡಲು ಬಾರದಂತಾಗಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಎಸಿಎಲ್‌ಗೆ ರಾತ್ರೋರಾತ್ರಿ ಕತ್ತರಿ ಹಾಕಬೇಕಿಲ್ಲ. ಬಾವು ಇಳಿದು, ಕಾಲು ಸಲೀಸಾಗಿ ಮಡಚುವವರೆಗೆ ವೈದ್ಯರೇ ಸಾಮಾನ್ಯವಾಗಿ ಕಾಯುತ್ತಾರೆ. ಒಳಬದಿಯ ಅಸ್ಥಿರಜ್ಜು ಎಂಸಿಎಲ್ ಅಂತೂ ಹೆಚ್ಚಿನ ಸಲ ಬ್ರೇಸ್, ವ್ಯಾಯಾಮದಲ್ಲೇ ಕೂಡಿಕೊಳ್ಳುತ್ತದೆ. ನಮ್ಮ ಹುಡುಗನಿಗೆ ಹೊಲದ ಬದುವಿನ ಮೇಲೂ ಕಾಲು ಜಾರುತ್ತಿತ್ತು, ಆಪರೇಶನ್ ಬೇಕೇ ಆಯಿತು. ಆದರೆ ಕಾಯುವ ಆ ದಿನಗಳಲ್ಲಿ ಕಾಗದಪತ್ರ ಹೊಂದಿಸಿಕೊಂಡೆವು.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ರಾಯಚೂರಿನ ಸರಕಾರಿ ಆಸ್ಪತ್ರೆ ರಿಮ್ಸ್‌ಗೆ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ಆ ಚೀಟಿ ಇಲ್ಲದೆ ನೇರ ಖಾಸಗಿಗೆ ಹೋದರೆ, ತುರ್ತು ಸಂದರ್ಭ ಬಿಟ್ಟು, ಬಿಲ್ಲು ನಿಮ್ಮದೇ.

ಕೈಯಿಂದ ಕೊಡುವವರು ಅಂದಾಜನ್ನು ಬರಹದಲ್ಲಿ ಕೇಳಿ. ಎಸಿಎಲ್ ಆಪರೇಶನ್‌ನಲ್ಲಿ ಸಾಮಾನ್ಯವಾಗಿ ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು, ಮೂಳೆಯಲ್ಲಿ ಕೊರೆದ ತೂತಿನಲ್ಲಿ ಕೂರಿಸಿ, ಬಟನ್–ಸ್ಕ್ರೂ ಹಾಕಿ ಬಿಗಿಯುತ್ತಾರೆ. ದರ ಏರುವುದು ಈ ಸ್ಕ್ರೂಗಳಲ್ಲಿ: ಲೋಹದ್ದಕ್ಕೆ ಒಂದು ಬೆಲೆ, ಕರಗುವಂಥದ್ದಕ್ಕೆ ಇನ್ನೊಂದು. 2017ರಲ್ಲಿ ಕೇಂದ್ರ ಸರಕಾರ ಹಾಕಿದ ಬೆಲೆಮಿತಿ ಕೃತಕ ಮೊಣಕಾಲಿಗೆ, ಇವುಗಳಿಗಲ್ಲ.

ನಿಜವಾದ ಖರ್ಚು ಹೊಲಿಗೆ ಬಿಚ್ಚಿದ ಮೇಲೆ. ಫಿಸಿಯೋಥೆರಪಿಗೆ ನಾವು ಒಂದು ಸಲಕ್ಕೆ 300 ರೂಪಾಯಿ ಕೊಟ್ಟೆವು; ವಾರಕ್ಕೆ ಮೂರು ಸಲದಂತೆ ಮೂರು ತಿಂಗಳಿಗೆ ಹತ್ತಿರ ಹತ್ತಿರ 11 ಸಾವಿರ. ಬಸ್ಸು ಬೇರೆ. (ಜೊತೆಗೆ ಬರುವ ಅಕ್ಕನಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಕುಂಟುವವನಿಗೆ ಪೂರ್ತಿ ದರ!) ಹತ್ತಿ ಬಿಡಿಸುವ ಕಾಲಕ್ಕೆ ಅವನ ಬದಲು ಆಳು ಹಚ್ಚಿದ ಕೂಲಿಯೂ ಇದೇ ಲೆಕ್ಕಕ್ಕೆ ಸೇರಬೇಕು. ಮತ್ತೆ ಕಬಡ್ಡಿ ಅಂಕಣಕ್ಕೆ ಇಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು.

ಖಾಸಗಿ ವಿಮೆಯಿದ್ದರೂ ಬಿಡುಗಡೆಯ ನಂತರದ ಖರ್ಚನ್ನು ಕೊಡುವುದು ಪಾಲಿಸಿಯಲ್ಲಿ ಬರೆದಷ್ಟು ದಿನ ಮಾತ್ರ. ಅದು ಹೆಚ್ಚಾಗಿ 60 ಅಥವಾ 90. ಆದ್ದರಿಂದ ಆಪರೇಶನ್ ದಿನ ಗೊತ್ತುಮಾಡುವ ಮೊದಲೇ ವ್ಯಾಯಾಮದ ದುಡ್ಡು ಬೇರೆ ಎತ್ತಿಡಿ. ಅದನ್ನು ಅರ್ಧಕ್ಕೆ ಬಿಟ್ಟರೆ ಕಾಲು ಬಿಗಿದುಕೊಳ್ಳುತ್ತದೆ, ಆಪರೇಶನ್‌ಗೆ ಹಾಕಿದ್ದೂ ದಂಡ.