ಗಿಟಾರಿನ 'ಸೆವೆನ್' ಮತ್ತು ತಂದೆಯವರ ಪೇಟಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಹಳಿಯಾಳದ ನಮ್ಮ ಓಣಿಯ ಭಜನೆಯಲ್ಲಿ ಪೇಟಿ ಬಾರಿಸುವ ತಂದೆಯವರು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ದಾಂಡೇಲಿಯ ಗೆಳೆಯನೊಬ್ಬನಿಂದ ಗಿಟಾರ್ ಕಲಿಯತೊಡಗಿದಾಗ, ಈ ವಿದ್ಯೆಯಲ್ಲಿ ಅವರನ್ನು ಕೇಳುವಂಥದೇನೂ ಇಲ್ಲವೆಂದು ಬಗೆದಿದ್ದೆ. ಆ ಭ್ರಮೆ ಹರಿದ ಬಗೆಯನ್ನೂ ಅದರಿಂದ ದೊರೆತ ಪಾಠವನ್ನೂ ವಾಚಕರ ಮುಂದಿಡುತ್ತೇನೆ.

ಒಂದು ಶನಿವಾರ ರಾತ್ರಿ ಗಿಟಾರನ್ನು ಭಜನೆಗೆ ಒಯ್ದೆ. ತಂದೆಯವರು ಪೇಟಿಯ ಬಿಳಿ ಒಂದನ್ನು, ಅಂದರೆ ಪಾಶ್ಚಾತ್ಯರ 'ಸಿ' ಸ್ವರವನ್ನು, ಸಾ ಮಾಡಿಕೊಂಡು ಬಿಲಾವಲ ಥಾಟಿನ ಪದವೊಂದನ್ನು ಎತ್ತಿಕೊಂಡರು. ನಾನು ಕೈಗೆ ರೂಢಿಯಾಗಿದ್ದ 'ಸಿ ಸೆವೆನ್' ಹಿಡಿದೆ. ಪದವು ನಿ ಸ್ವರಕ್ಕೆ ಬಂದೊಡನೆ ನಾದ ಕೆಟ್ಟಿತು. ತಾಳದವರೂ ತಿರುಗಿ ನೋಡಿದರು. ತಂದೆಯವರು ಪೇಟಿ ನಿಲ್ಲಿಸಿ, "ತಮ್ಮಾ, ನೀ ಬಾರಿಸೂದು ಕೋಮಲ ನಿ, ನಾ ಹಾಡೂದು ಶುದ್ಧ ನಿ. ಎರಡೂ ಹ್ಯಾಂಗ ಕೂಡ್ತಾವ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹಿಡಿತದ ಹೆಸರು ಗೊತ್ತಿತ್ತು, ಅದರೊಳಗಿನ ಸ್ವರಗಳು ಗೊತ್ತಿರಲಿಲ್ಲ.

ಮರುದಿನ ಪೇಟಿಯನ್ನೂ ಗಿಟಾರನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಇಬ್ಬರೂ ಎಣಿಸಿದೆವು. ಒಂದು ಸಪ್ತಕದಲ್ಲಿ 12 ಸ್ವರಸ್ಥಾನಗಳು. ಗಿಟಾರಿನ ಒಂದೊಂದು ಮನೆಯೂ ಒಂದೊಂದು ಸ್ಥಾನ. ಪಂಡಿತ ಭಾತಖಂಡೆಯವರು (1860–1936) ಹೇಳಿದ 10 ಥಾಟುಗಳಲ್ಲಿ ಬಿಲಾವಲವೂ ಒಂದು; ಪಾಶ್ಚಾತ್ಯರ ಮೇಜರ್ ಸ್ಕೇಲೂ ಕರ್ನಾಟಕ ಸಂಗೀತದ 29ನೆಯ ಮೇಳವಾದ ಧೀರಶಂಕರಾಭರಣವೂ ಇವೇ ಸ್ವರಗಳವು. ಸಾ ಇಂದ ಮೇಲಿನ ಸಾ ವರೆಗೆ ಇದರ ನಡೆ 2, 2, 1, 2, 2, 2, 1 ಮನೆಗಳು.

ಕಾರ್ಡ್ ಕಟ್ಟುವ ಸೂತ್ರ ಸುಲಭ: ಒಂದು ಸ್ವರ ಹಿಡಿ, ಮುಂದಿನದನ್ನು ಬಿಡು. ಸಾ, ಗ, ಪ ಎಂದರೆ ಸಾದಾ ಕಾರ್ಡ್. ಇನ್ನೊಂದು ಹೆಜ್ಜೆ ಇಟ್ಟು, ಸಾ ಇಂದ 7ನೆಯದಾದ ನಿ ಸ್ವರವನ್ನು ಸೇರಿಸಿದರೆ ಸೆವೆನ್ತ್ ಕಾರ್ಡ್. ಹೀಗೆ ಏಳು ಸ್ವರಗಳ ಮೇಲೂ ಕಟ್ಟಿ ಅಂತರ ಎಣಿಸಿದಾಗ ನಾಲ್ಕೇ ಜಾತಿಗಳು ದೊರೆತವು:

ಸಾ, ಮ ಇವುಗಳ ಮೇಲೆ 4-3-4: ಮೇಜರ್ ಸೆವೆನ್.
ರಿ, ಗ, ಧ ಇವುಗಳ ಮೇಲೆ 3-4-3: ಮೈನರ್ ಸೆವೆನ್.
ಪ ಒಂದರ ಮೇಲೆ 4-3-3: ಬರಿಯ 'ಸೆವೆನ್', ಅಂದರೆ ಡಾಮಿನಂಟ್.
ನಿ ಒಂದರ ಮೇಲೆ 3-3-4: ಹಾಫ್ ಡಿಮಿನಿಶ್ಡ್.

ನನ್ನ ತಪ್ಪು ಇಲ್ಲಿ ಬೆಳಕಿಗೆ ಬಂತು. ಬಿಲಾವಲದಲ್ಲಿ 4-3-3 ಇರುವುದು ಪ ಸ್ವರದ ಮೇಲೆ, ಅಂದರೆ 'ಜಿ ಸೆವೆನ್' ಆಗಿ. ಅದನ್ನೇ ನಾನು ಸಾ ಮೇಲೆ ತಂದು ಕೂರಿಸಿದ್ದೆ. ಖಮಾಜ ಥಾಟಿನಲ್ಲಿ ನಿ ಕೋಮಲವಾಗಿರುವುದರಿಂದ ಅಲ್ಲಿ 'ಸಿ ಸೆವೆನ್' ಸಹಜ. ಆ ರಾತ್ರಿಯ ಪದಕ್ಕೆ ಬೇಕಾದದ್ದು 'ಸಿ ಮೇಜರ್ ಸೆವೆನ್'.

ಅದರ ಹಿಡಿತಕ್ಕೆ ಎರಡೇ ಬೆರಳು ಸಾಕು. 5ನೆಯ ತಂತಿಯ 3ನೆಯ ಮನೆಯಲ್ಲಿ ಸಾ, 4ನೆಯ ತಂತಿಯ 2ನೆಯ ಮನೆಯಲ್ಲಿ ಗ. ಬಿಟ್ಟ 3ನೆಯ ತಂತಿ ಪ, 2ನೆಯದು ಶುದ್ಧ ನಿ, 1ನೆಯದು ಮತ್ತೆ ಗ. 6ನೆಯ ತಂತಿಯನ್ನು ಮೀಟಬಾರದು. ಬಿಟ್ಟ ತಂತಿಯಲ್ಲೇ ಇದ್ದ ಶುದ್ಧ ನಿ ಸ್ವರವನ್ನು ನಾನು ಇಷ್ಟು ದಿನ ಬೆರಳಿಟ್ಟು ಮುಚ್ಚುತ್ತಿದ್ದೆ!

ಮುಂದಿನ ಶನಿವಾರ ಅದೇ ಪದ. ನಿ ಬಂದಿತು, ಹೋಯಿತು. ಯಾರೂ ತಿರುಗಿ ನೋಡಲಿಲ್ಲ. ತಂದೆಯವರು ಮಾತ್ರ ಒಮ್ಮೆ ತಲೆದೂಗಿದರು.

ಜೋಯಿಡಾ, ಮುಂಡಗೋಡಗಳ ಕಡೆಯಿಂದ ಗಿಟಾರ್ ಕಲಿಯಬಯಸುವ ಸಹಪಾಠಿಗಳಿಗೆ ನನ್ನ ವಿನಂತಿಯಿಷ್ಟೇ: ಹಿಡಿತಗಳ ಪಟವನ್ನು ಉರುಹೊಡೆಯುವ ಮೊದಲು ಸ್ವರಗಳನ್ನು ಎಣಿಸಿರಿ. ನಿಮ್ಮ ಊರ ಭಜನೆಯಲ್ಲಿ ಪೇಟಿ ಬಾರಿಸುವ ಹಿರಿಯರಿದ್ದರೆ ಅವರ ಬಳಿ ಕುಳಿತುಕೊಳ್ಳಿರಿ. ಪದವಿಯ ಓದಿನಲ್ಲಿ ದೊರೆಯದ ಲೆಕ್ಕ ಅವರ ಬೆರಳುಗಳಲ್ಲಿದೆ.